ಓದಿದ ಪುಸ್ತಕಗಳ ಲೆಕ್ಕಕ್ಕೆ ಒಂದು ಪುಟ್ಟ ಸ್ಕ್ರಿಪ್ಟ್

ಮೊದಲನೇ ಸೆಮ್‌ನಲ್ಲಿ ನಾನೊಂದು ಶಪಥ ಮಾಡಿದ್ದೆ. ಓದಿದ ಪ್ರತಿ ಪುಸ್ತಕದ ಹೆಸರು, ಲೇಖಕರು, ಎಷ್ಟು ಪುಟ, ಯಾವತ್ತು ಮುಗಿಸಿದೆ, ಎಲ್ಲಾ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಬೇಕು ಅಂತ. ಏಳು ಪುಸ್ತಕದ ತನಕ ಬರೆದೆ. ಎಂಟನೇದು ಇಂಟರ್ನಲ್ಸ್ ಮಧ್ಯೆ ಬಂತು. ಒಂಬತ್ತನೇದು ಊರಿಗೆ ಹೋಗುವಾಗ ಬಸ್ಸಲ್ಲಿ ಮುಗೀತು, ನೋಟ್‌ಬುಕ್ ಹಾಸ್ಟೆಲ್‌ನಲ್ಲೇ ಇತ್ತು. ಆಮೇಲೆ ಆ ನೋಟ್‌ಬುಕ್‌ನ ಉಳಿದ ಹಾಳೆಗಳಲ್ಲಿ ಮ್ಯಾಥ್ಸ್ ಅಸೈನ್‌ಮೆಂಟ್ ರಫ್ ಮಾಡಿದ್ದೀನಿ. ನಿಮ್ಮಲ್ಲೂ ಹಲವರ ಕಥೆ ಇದೇ ಇರಬಹುದು.

ಐದನೇ ಸೆಮ್ ಹೊತ್ತಿಗೆ ಪೈಥಾನ್ ಸ್ವಲ್ಪ ಕೈಗೆ ಹತ್ತಿತ್ತು. ಆಗ ಹೊಳೆದದ್ದು ಇಷ್ಟು: ನಾನು ಯಾವ ಪುಸ್ತಕ ತಗೊಂಡೆ, ಯಾವಾಗ ವಾಪಸ್ ಕೊಟ್ಟೆ ಅನ್ನೋದನ್ನ ಲೈಬ್ರರಿ ಹೇಗೂ ಬರೆದಿಡುತ್ತೆ. ಲಾಗಿನ್ ಆದ್ರೆ ನನ್ನ ಖಾತೆಯ ಪುಟದಲ್ಲಿ ಹಳೇ ಪಟ್ಟಿ ಪೂರ್ತಿ ಕಾಣುತ್ತೆ. ಅದನ್ನೇ ಮತ್ತೆ ಕೈಯಲ್ಲಿ ಯಾಕೆ ಬರೀಬೇಕು? ಒಂದು ಸ್ಕ್ರಿಪ್ಟ್ ಬರೆದು ಅಲ್ಲಿಂದ ಎತ್ತಿಕೊಂಡರೆ ಆಯ್ತು.

ಆ ಸ್ಕ್ರಿಪ್ಟ್ ಹೇಗೆ ಕೆಲಸ ಮಾಡುತ್ತೆ, ನಾನು ಎಲ್ಲೆಲ್ಲಿ ಎಡವಿದೆ, ಕೊನೆಗೆ ಅದರಲ್ಲಿ ನಿಜವಾದ ತಪ್ಪು ಎಲ್ಲಿತ್ತು ಅನ್ನೋದೇ ಈ ಬರಹ. ಕೋಡನ್ನು ಸಾಲುಸಾಲಾಗಿ ಇಲ್ಲಿ ಇಡ್ತಿಲ್ಲ. ಕೋಡ್ ಎಲ್ಲಿ ಬೇಕಾದ್ರೂ ಸಿಗುತ್ತೆ. ಪ್ರತಿ ಹೆಜ್ಜೆ ಯಾಕೆ ಬೇಕು ಅನ್ನೋದು ಗೊತ್ತಿದ್ದರೆ ನೀವೇ ಒಂದು ಸಂಜೆಯಲ್ಲಿ ಬರೀಬಹುದು.

ಸ್ಕ್ರೇಪಿಂಗ್ ಅಂದರೇನು?

ಬ್ರೌಸರ್ ಒಂದು ಪುಟವನ್ನು ತರಿಸಿಕೊಂಡಾಗ ಅದಕ್ಕೆ ಸಿಗೋದು ಬರೀ ಪಠ್ಯ: ಎಚ್‌ಟಿಎಂಎಲ್. ಅದನ್ನು ಬಣ್ಣ, ಟೇಬಲ್, ಬಟನ್ ಮಾಡಿ ನಮಗೆ ಚೆಂದ ತೋರಿಸೋದು ಬ್ರೌಸರ್ ಕೆಲಸ. ಸ್ಕ್ರೇಪಿಂಗ್ ಮಾಡುವ ಸ್ಕ್ರಿಪ್ಟ್ ಕೂಡ ಅದೇ ಪಠ್ಯ ತರಿಸುತ್ತೆ, ಆದರೆ ತೋರಿಸೋದಿಲ್ಲ, ಬೇಕಾದಷ್ಟನ್ನು ಮಾತ್ರ ಹೆಕ್ಕಿಕೊಳ್ಳುತ್ತೆ. ಅವರೆಕಾಯಿ ಸುಲಿದ ಹಾಗೆ ಅಂದ್ಕೊಳ್ಳಿ. ಟ್ಯಾಗುಗಳೆಲ್ಲ ಸಿಪ್ಪೆ, ಪುಸ್ತಕದ ಹೆಸರು, ತಾರೀಖು ಇವೆಲ್ಲ ಕಾಳು.

ಆದರೆ ಸುಲಿಯೋಕೆ ಕೂರುವ ಮುಂಚೆ, ಸುಲಿದ ಕಾಳೇ ಎಲ್ಲಾದರೂ ಸಿಗುತ್ತಾ ನೋಡಿ. ಬಹಳ ಜನ ಈ ಹೆಜ್ಜೆ ಬಿಟ್ಟುಬಿಡ್ತಾರೆ. ಗುಡ್‌ರೀಡ್ಸ್ ಬಳಸೋರಿಗೆ ಅಲ್ಲೇ ತಮ್ಮ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳುವ ಸೌಲಭ್ಯ ಇದೆ. (ಅದರ ಎಪಿಐಗೆ ಹೊಸ ಕೀ ಕೊಡೋದನ್ನು 2020ರ ಡಿಸೆಂಬರ್‌ನಲ್ಲೇ ನಿಲ್ಲಿಸಿದ್ದಾರೆ, ಹಾಗಾಗಿ ಹಳೇ ಟ್ಯುಟೋರಿಯಲ್ ನೋಡಿ ತಲೆ ಕೆಡಿಸ್ಕೋಬೇಡಿ.) ಪುಸ್ತಕದ ಪುಟಸಂಖ್ಯೆ, ಪ್ರಕಾಶಕರ ಹೆಸರು ಇಂಥ ವಿವರಕ್ಕೆ ಇಂಟರ್ನೆಟ್ ಆರ್ಕೈವ್‌ನವರ ಓಪನ್ ಲೈಬ್ರರಿ ಇದೆ. ಐಎಸ್‌ಬಿಎನ್ ಕೊಟ್ಟರೆ ಅದು ಜೇಸನ್ ರೂಪದಲ್ಲಿ ಉತ್ತರ ಕೊಡುತ್ತೆ, ಕೀ ಕೂಡ ಬೇಡ. ಒಂದು ಸೂಕ್ಷ್ಮ ಇದೆ: ಆ ಉತ್ತರದಲ್ಲಿ ಲೇಖಕರ ಹೆಸರು ನೇರವಾಗಿ ಇರಲ್ಲ, ಲೇಖಕರ ಪುಟದ ಗುರುತು ಇರುತ್ತೆ. ಹೆಸರಿಗಾಗಿ ಇನ್ನೊಂದು ಸಲ ಕೇಳಬೇಕು.

ಐಎಸ್‌ಬಿಎನ್ ಕೈಯಲ್ಲಿ ಟೈಪ್ ಮಾಡಿದ್ರೆ ತಪ್ಪು ಗ್ಯಾರಂಟಿ. ಆದರೆ ತಪ್ಪನ್ನು ಹಿಡಿಯುವ ಉಪಾಯ ಆ ಸಂಖ್ಯೆಯ ಒಳಗೇ ಇದೆ. 13 ಅಂಕಿಗಳಲ್ಲಿ ಕೊನೆಯದು ತಪಾಸಣೆಯ ಅಂಕಿ. ಮೊದಲ 12 ಅಂಕಿಗಳನ್ನು 1, 3, 1, 3 ಅಂತ ಗುಣಿಸುತ್ತಾ ಕೂಡಿಸಿ, ಬಂದ ಮೊತ್ತಕ್ಕೆ ಎಷ್ಟು ಸೇರಿಸಿದರೆ 10ರ ಗುಣಕ ಆಗುತ್ತೋ ಅದೇ ಕೊನೆಯ ಅಂಕಿ. ಉದಾಹರಣೆಗೆ 9780306406157: ಮೊದಲ 12ರ ಮೊತ್ತ 93, ಇನ್ನು 7 ಬೇಕು, ಕೊನೆಯ ಅಂಕಿ 7, ಸರಿ ಇದೆ. ಭಾರತದ ಪುಸ್ತಕಗಳಿಗೆ 978 ಆದಮೇಲೆ ಸಾಮಾನ್ಯವಾಗಿ 81 ಅಥವಾ 93 ಬರುತ್ತೆ. ನಮ್ಮ ಹಳೇ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಪುಸ್ತಕಕ್ಕೆ ಐಎಸ್‌ಬಿಎನ್ನೇ ಇಲ್ಲ ಅನ್ನೋದು ಬೇರೆ ಮಾತು. ಅವಕ್ಕೆ ಹೆಸರು, ಲೇಖಕರೇ ಗತಿ.

ಪುಟ ತರಿಸೋದು, ಹೆಕ್ಕೋದು, ಬರೆಯೋದು

ನಮ್ಮ ಲೈಬ್ರರಿಯ ಪುಟದಲ್ಲಿ ಡೌನ್‌ಲೋಡ್ ಬಟನ್ ಕಾಣಲಿಲ್ಲ, ಹಾಗಾಗಿ ಸ್ಕ್ರೇಪಿಂಗ್‌ಗೇ ಇಳಿದೆ. ಪೈಥಾನ್‌ನಲ್ಲಿ ಎರಡು ಲೈಬ್ರರಿ ಸಾಕು. ಪುಟ ತರಿಸೋಕೆ ರಿಕ್ವೆಸ್ಟ್ಸ್, ಹೆಕ್ಕೋಕೆ ಬ್ಯೂಟಿಫುಲ್ ಸೂಪ್.

ನಮ್ಮ ಖಾತೆಯ ಪುಟಕ್ಕೆ ಲಾಗಿನ್ ಬೇಕು. ಲಾಗಿನ್ ಆದಾಗ ಸರ್ವರ್ ಒಂದು ಕುಕೀ ಕೊಡುತ್ತೆ. ಮುಂದಿನ ಪ್ರತಿ ಕೋರಿಕೆಯ ಜೊತೆ ಅದನ್ನು ತೋರಿಸಿದರೆ "ಓಹೋ, ಇವನೇ" ಅಂತ ಒಳಗೆ ಬಿಡುತ್ತೆ. ರಿಕ್ವೆಸ್ಟ್ಸ್‌ನ ಸೆಷನ್ ಈ ಕುಕೀಯನ್ನು ತಾನೇ ನೆನಪಿಟ್ಟುಕೊಳ್ಳುತ್ತೆ. ಪಾಸ್‌ವರ್ಡನ್ನು ಮಾತ್ರ ಕೋಡ್ ಒಳಗೆ ಬರೀಬೇಡಿ. ಗಿಟ್‌ಹಬ್‌ಗೆ ಒಂದು ಸಲ ಪುಶ್ ಆದ್ರೆ, ಆಮೇಲೆ ಆ ಸಾಲು ಅಳಿಸಿದ್ರೂ ಹಳೇ ಕಮಿಟ್‌ಗಳಲ್ಲಿ ಹಾಗೇ ಕೂತಿರುತ್ತೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಿ.

ಪುಟ ಬಂತು ಅಂದ ತಕ್ಷಣ ಹೆಕ್ಕೋಕೆ ಹೋಗಬೇಡಿ. ಮೊದಲು ಸ್ಟೇಟಸ್ ಕೋಡ್ ನೋಡಿ. 200 ಅಂದ್ರೆ ಸರಿ. 404 ಅಂದ್ರೆ ಪುಟ ಇಲ್ಲ. 403 ಅಂದ್ರೆ ನಿನಗೆ ಪ್ರವೇಶ ಇಲ್ಲ. 429 ಅಂದ್ರೆ ತುಂಬಾ ಜಾಸ್ತಿ ಕೇಳ್ತಿದ್ದೀಯ, ಸುಮ್ಮನಿರು. ಇದನ್ನೂ ನಂಬಿ ಕೂರೋ ಹಾಗಿಲ್ಲ. ಲಾಗಿನ್ ಅವಧಿ ಮುಗಿದಿದ್ದರೆ ಎಷ್ಟೋ ಸೈಟುಗಳು 200 ಅಂತಲೇ ಹೇಳಿ ಲಾಗಿನ್ ಪುಟ ಕಳಿಸುತ್ತವೆ. ನಿಮ್ಮ ಸ್ಕ್ರಿಪ್ಟ್ ಅದರಲ್ಲಿ ಪುಸ್ತಕ ಹುಡುಕಿ, ಒಂದೂ ಸಿಗದೆ, "ಈ ವಾರ ಏನೂ ಓದಿಲ್ಲ" ಅಂತ ತೀರ್ಮಾನ ಮಾಡುತ್ತೆ.

ಹೆಕ್ಕುವಾಗ ನಾನು ಮಾಡಿದ ತಪ್ಪು: "ಟೇಬಲ್‌ನ ಎರಡನೇ ಕಾಲಂ ಲೇಖಕರು" ಅಂತ ಲೆಕ್ಕ ಇಟ್ಕೊಂಡಿದ್ದೆ. ಒಂದು ದಿನ ಅಲ್ಲಿ ಮುಖಪುಟದ ಚಿತ್ರಕ್ಕೆ ಹೊಸ ಕಾಲಂ ಸೇರಿಸಿದರು. ಅವತ್ತಿಂದ ನನ್ನ ಲಾಗ್‌ನಲ್ಲಿ ಪುಸ್ತಕದ ಹೆಸರೇ ಲೇಖಕರಾಗಿ ಕೂತಿತ್ತು. ಸ್ಕ್ರಿಪ್ಟ್ ಮೂರು ವಾರ ಒಂದು ಎರರ್ ಕೂಡ ಕೊಡದೆ ಹೀಗೇ ಓಡಿದೆ. ಈಗ ಕಾಲಂ ಸಂಖ್ಯೆ ನಂಬಲ್ಲ, ಟೇಬಲ್‌ನ ತಲೆಸಾಲಿನ ಪಠ್ಯ ಓದಿ ಯಾವ ಕಾಲಂ ಯಾವುದು ಅಂತ ಗುರುತು ಮಾಡುತ್ತೆ. ಬೇಕಾದ ತಲೆಬರಹ ಸಿಗದಿದ್ದರೆ ಅಲ್ಲೇ ನಿಂತು ಎರರ್ ಕೊಡುತ್ತೆ. ತಪ್ಪು ತುಂಬಿಸೋದಕ್ಕಿಂತ ನಿಂತುಹೋಗೋದು ವಾಸಿ.

ಬರೆಯೋಕೆ ಸಿಎಸ್‌ವಿ ಸಾಕು. ಆದರೆ ಕನ್ನಡ ಇರೋ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಅಕ್ಷರವೆಲ್ಲ ಕಲಸಿಹೋಗಿ ಬಂದದ್ದು ನಿಮಗೂ ಅನುಭವ ಇರಬಹುದು. ಫೈಲ್ ಯುಟಿಎಫ್-8ನಲ್ಲಿದೆ ಅಂತ ಎಕ್ಸೆಲ್‌ಗೆ ಗೊತ್ತಾಗಲಿಲ್ಲ, ಅಷ್ಟೇ. ಪೈಥಾನ್‌ನಲ್ಲಿ ಫೈಲ್ ಬರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ 'ಯುಟಿಎಫ್-8-ಸಿಗ್' ಕೊಟ್ಟರೆ ಫೈಲಿನ ಶುರುವಿನಲ್ಲಿ ಒಂದು ಗುರುತು ಬೀಳುತ್ತೆ, ಎಕ್ಸೆಲ್ ಸರಿಯಾಗಿ ತೋರಿಸುತ್ತೆ.

ತಾನಾಗೇ ಓಡೋಕೆ ಲಿನಕ್ಸ್‌ನಲ್ಲಿ ಕ್ರಾನ್, ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್. ಆ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿದ್ದರೆ ಕ್ರಾನ್ ಆ ಸರದಿಯನ್ನು ಬಿಟ್ಟೇಬಿಡುತ್ತೆ. ಅನಾಕ್ರಾನ್ ಆದರೆ ಆಮೇಲೆ ಆನ್ ಮಾಡಿದಾಗ ಬಾಕಿ ಕೆಲಸ ಮಾಡುತ್ತೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲೂ ಇಂಥ ಕೆಲಸ ಇಡಬಹುದು, ಅಲ್ಲಿ ಗಡಿಯಾರ ಯುಟಿಸಿಯದು. ನಮ್ಮ ರಾತ್ರಿ 9 ಗಂಟೆ ಬೇಕಿದ್ದರೆ 15:30 ಅಂತ ಕೊಡಬೇಕು. ಕ್ಯಾಂಪಸ್ ಒಳಗೆ ಮಾತ್ರ ತೆರೆಯುವ ಪುಟ ಹೊರಗಿನ ಸರ್ವರ್‌ಗೆ ಸಿಗಲ್ಲ, ಅದಕ್ಕೇ ನಾನು ಲ್ಯಾಪ್‌ಟಾಪ್‌ನಲ್ಲೇ ಓಡಿಸ್ತೀನಿ.

ಆ ರಾತ್ರಿ ಆಗಿದ್ದು

ಇಷ್ಟೂ ಕೆಲಸ ಮಾಡಿದಾಗ ನನಗೆ ಸ್ವಲ್ಪ ಅಹಂ ಬಂತು. ಬರೀ ನನ್ನ ಪಟ್ಟಿ ಯಾಕೆ, ಲೈಬ್ರರಿಯಲ್ಲಿರೋ ಎಲ್ಲಾ ಕನ್ನಡ ಪುಸ್ತಕಗಳ ವಿವರ ಎತ್ತಿಕೊಂಡು "ಮುಂದೆ ಓದಬೇಕಾದ್ದು" ಅಂತ ಪಟ್ಟಿ ಮಾಡೋಣ ಅಂತ. ಸುಮಾರು 2400 ಪುಟ. ಒಂದು ಲೂಪ್ ಹಾಕಿ, ರಾತ್ರಿ ಹನ್ನೊಂದಕ್ಕೆ ಓಡಿಸಿ, ಟೀ ಕುಡಿಯೋಕೆ ಹೋದೆ.

ವಾಪಸ್ ಬಂದಾಗ ಟರ್ಮಿನಲ್ ತುಂಬಾ 403. ಸರಿ, ನನ್ನನ್ನು ಬ್ಲಾಕ್ ಮಾಡಿದ್ದಾರೆ, ನಾಳೆ ನೋಡೋಣ ಅಂದ್ಕೊಂಡೆ. ಆದರೆ ಬ್ಲಾಕ್ ಆಗಿದ್ದು ನಾನೊಬ್ಬನೇ ಅಲ್ಲ. ನೆಟ್‌ವರ್ಕ್ಸ್ ಪಾಠದಲ್ಲಿ ನ್ಯಾಟ್ ಬಗ್ಗೆ ಓದಿರ್ತೀರಲ್ಲ, ಅದರ ಪ್ರಾಕ್ಟಿಕಲ್ ನನಗೆ ಅವತ್ತು ಆಯ್ತು. ನಮ್ಮ ಹಾಸ್ಟೆಲ್‌ನವರೆಲ್ಲ ಹೊರಗೆ ಕಾಣೋದು ಒಂದೇ ಐಪಿ ವಿಳಾಸದಲ್ಲಿ. ಸರ್ವರ್ ಆ ವಿಳಾಸವನ್ನೇ ತಡೆದಿತ್ತು. ಅವತ್ತು ಪುಸ್ತಕ ರಿನ್ಯೂ ಮಾಡಬೇಕಿದ್ದ ಹನ್ನೊಂದು ಜನಕ್ಕೆ ಪುಟ ತೆರೆಯಲಿಲ್ಲ, ಬೆಳಗ್ಗೆ ಅವರ ಹೆಸರಿಗೆ ದಂಡ ಬಿದ್ದಿತ್ತು.

ಗ್ರಂಥಪಾಲಕರ ಹತ್ತಿರ ಹೋಗಿ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಕೇಳಿದ್ರೆ ಪಟ್ಟಿನ ನಾನೇ ಎಕ್ಸೆಲ್‌ನಲ್ಲಿ ಕೊಡ್ತಿದ್ನಲ್ಲಪ್ಪಾ" ಅಂದ್ರು. ಎರಡು ನಿಮಿಷದಲ್ಲಿ ಪೆನ್‌ಡ್ರೈವ್‌ಗೆ ಹಾಕಿಯೂ ಕೊಟ್ಟರು. ದಂಡ ಮನ್ನಾ ಆಯ್ತು. ಅದಕ್ಕೆ ಬದಲು ಆ ಶನಿವಾರ ಇಡೀ ದಿನ ನಾನು ಕಪಾಟುಗಳಲ್ಲಿ ಪುಸ್ತಕ ಜೋಡಿಸಿದೆ.

ಹಾಗಾಗಿ ಮೊದಲ ನಿಯಮ: ಕೇಳಿ. ಪ್ರತಿ ಸೈಟಿನ ಬುಡದಲ್ಲೂ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಅನ್ನೋ ಸಣ್ಣ ಫೈಲ್ ಇರಬಹುದು. ಯಂತ್ರಗಳು ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಅಂತ ಅದರಲ್ಲಿ ಬರೆದಿರುತ್ತೆ. 1994ರಲ್ಲಿ ಮಾರ್ಟೈನ್ ಕೋಸ್ಟರ್ ಸೂಚಿಸಿದ ಈ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಅಂತ ಅಧಿಕೃತ ದಾಖಲೆ ಆಯ್ತು. ಅದು ಬೀಗ ಅಲ್ಲ, ಬಾಗಿಲ ಮೇಲಿನ ಚೀಟಿ. ಆದರೆ ಚೀಟಿ ಓದದೆ ನುಗ್ಗಿದರೆ ತಪ್ಪು ನಮ್ಮದೇ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಂ ಕೂಡ ನೆನಪಿರಲಿ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್‌ನಿಂದ ಮಾಹಿತಿ ಎತ್ತೋದು, ಬೇರೆಯವರಿಗೆ ಅದು ಸಿಗದ ಹಾಗೆ ಮಾಡೋದು ಎರಡೂ ಅದರ ವ್ಯಾಪ್ತಿಗೆ ಬರುತ್ತವೆ.

ಎರಡನೇದು: ನಿಧಾನ. ಎರಡು ಕೋರಿಕೆಗಳ ನಡುವೆ 3 ಸೆಕೆಂಡ್ ಬಿಟ್ಟರೆ 40 ಪುಸ್ತಕಕ್ಕೆ 2 ನಿಮಿಷ. ಯಾರಿಗೆ ಅವಸರ? ಮೂರನೇದು: ಒಂದು ಸಲ ತಂದ ಪುಟವನ್ನು ಡಿಸ್ಕ್‌ನಲ್ಲಿ ಉಳಿಸಿಕೊಳ್ಳಿ. ಹೆಕ್ಕುವ ಕೋಡನ್ನು ಇಪ್ಪತ್ತು ಸಲ ತಿದ್ದುತ್ತೀರಿ, ಇಪ್ಪತ್ತು ಸಲವೂ ಸರ್ವರ್‌ಗೆ ತೊಂದರೆ ಕೊಡಬೇಕಾಗಿಲ್ಲ. ನಾಲ್ಕನೇದು: ಯೂಸರ್ ಏಜೆಂಟ್ ಜಾಗದಲ್ಲಿ ನೀವು ಯಾರು ಅಂತ, ನಿಮ್ಮ ಇಮೇಲ್ ಸಮೇತ ಬರೀರಿ. ಏನಾದ್ರೂ ಎಡವಟ್ಟಾದ್ರೆ ಅವರು ಬ್ಲಾಕ್ ಮಾಡುವ ಮೊದಲು ಒಂದು ಮೇಲ್ ಹಾಕಬಹುದು.

ಕನ್ನಡಕ್ಕೇ ಇರುವ ತೊಡಕುಗಳು

ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಸಿಗದ ಭಾಗ ಇದು. ನನ್ನ ಲಾಗ್‌ನಲ್ಲಿ 'ಚೋಮನ ದುಡಿ' ಎರಡು ಸಲ ಬಂದಿತ್ತು. ಕಣ್ಣಿಗೆ ಎರಡೂ ಒಂದೇ. ಪೈಥಾನ್‌ನಲ್ಲಿ ಉದ್ದ ಕೇಳಿದ್ರೆ ಒಂದಕ್ಕೆ 9, ಇನ್ನೊಂದಕ್ಕೆ 11! ಕಾರಣ 'ಚೋ' ಅಕ್ಷರದ ಓತ್ವ. ಯುನಿಕೋಡ್‌ನಲ್ಲಿ ಅದನ್ನು ಒಂದೇ ಸಂಕೇತವಾಗಿ ಬರೀಬಹುದು, ಅಥವಾ ಎತ್ವ, ಊತ್ವ, ದೀರ್ಘ ಅಂತ ಮೂರು ಸಂಕೇತಗಳಾಗಿಯೂ ಬರೀಬಹುದು. ನೋಡೋಕೆ ವ್ಯತ್ಯಾಸ ಇಲ್ಲ, ಹೋಲಿಸಿದ್ರೆ ಬೇರೆ ಬೇರೆ. ಪರಿಹಾರ ಸುಲಭ: ಪೈಥಾನ್ ಜೊತೆಗೇ ಬರುವ ಯುನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಫಂಕ್ಷನ್ ಇದೆ. ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದು ಆಮೇಲೆ ಹೋಲಿಸಿ.

ಇನ್ನೊಂದು ಕಣ್ಣಿಗೇ ಕಾಣದ ಅಕ್ಷರ. 'ಸಾಫ್ಟ್‌ವೇರ್' ಅಂತ ಬರೆಯುವಾಗ 'ವೇ' ಒತ್ತಕ್ಷರ ಆಗದಿರಲಿ ಅಂತ ಮಧ್ಯೆ ಒಂದು ಅಗಲವಿಲ್ಲದ ಅಕ್ಷರ ಹಾಕ್ತೀವಿ, ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಕೆಲವರು ಹಾಕ್ತಾರೆ, ಕೆಲವರು ಹಾಕಲ್ಲ. ಎನ್‌ಎಫ್‌ಸಿ ಮಾಡಿದ್ರೂ ಅದು ಹೋಗಲ್ಲ, ನಾವೇ ತೆಗೀಬೇಕು. ಆದರೆ ತೋರಿಸುವ ಹೆಸರಿನಿಂದ ತೆಗೆದರೆ ಅಕ್ಷರ ಕೆಡುತ್ತೆ. ಹಾಗಾಗಿ ನಾನು ಎರಡು ಕಾಲಂ ಇಟ್ಟಿದ್ದೀನಿ: ಓದೋಕೆ ಒಂದು, ಹೋಲಿಸೋಕೆ ಒಂದು.

ಅಂಕಿಗಳ ವಿಷಯದಲ್ಲಿ ಪೈಥಾನ್ ನಮ್ಮ ಕಡೆಗಿದೆ. '೧೯೮೦' ಅಂತ ಕನ್ನಡ ಅಂಕಿ ಕೊಟ್ಟರೂ ಇಂಟ್ ಫಂಕ್ಷನ್ ಅದನ್ನು 1980 ಅಂತ ಓದಿಕೊಳ್ಳುತ್ತೆ. ಆದರೆ ಟೈಪ್ ಮಾಡಿದವರು ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತಿದ್ದರೆ ಎರರ್ ಬರುತ್ತೆ. ನೋಡೋಕೆ ಎರಡೂ ಒಂದೇ ಥರ ದುಂಡಗೆ ಇರ್ತವಲ್ಲ. ಇನ್ನು ಯುನಿಕೋಡ್‌ಗಿಂತ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಹಳೇ ಪುಟಗಳಿದ್ದರೆ ನಿಮಗೆ ಸಿಗೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅಲ್ಲಿ ಕನ್ನಡ ಇದ್ದದ್ದು ಫಾಂಟ್‌ನ ಚಿತ್ರದಲ್ಲಿ ಮಾತ್ರ. ಅಂಥದ್ದನ್ನು ಮೊದಲು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡ್ಕೋಬೇಕು.

ಕೊನೆಗೆ ಕಾವ್ಯನಾಮ. ಕುವೆಂಪು ಅಂತ ಒಂದು ಕಡೆ, ಕೆ.ವಿ. ಪುಟ್ಟಪ್ಪ ಅಂತ ಇನ್ನೊಂದು ಕಡೆ. ಬೇಂದ್ರೆ ಮತ್ತು ಅಂಬಿಕಾತನಯದತ್ತ, ಮಾಸ್ತಿ ಮತ್ತು ಶ್ರೀನಿವಾಸ. ಕಂಪ್ಯೂಟರ್‌ಗೆ ಇವರೆಲ್ಲ ಬೇರೆ ಬೇರೆ ಜನ. ಇದಕ್ಕೆ ಯಾವ ಅಲ್ಗಾರಿದಂ ಬೇಡ, ಕೈಯಿಂದ ಬರೆದ ಇಪ್ಪತ್ತು ಸಾಲಿನ ಡಿಕ್ಷನರಿ ಸಾಕು.

ನಿಜವಾದ ಬಗ್

ಇಷ್ಟೆಲ್ಲಾ ಆಗುವ ಮುಂಚೆಯೇ, ಮೊದಲ ಸಲ ಸ್ಕ್ರಿಪ್ಟ್ ಓಡಿದಾಗ ಬಂದ ಪಟ್ಟಿಯನ್ನು ನಾನು ಸ್ಟೇಟಸ್‌ಗೆ ಹಾಕಿದ್ದೆ. "ಎರಡು ವರ್ಷ, 41 ಪುಸ್ತಕ." ಲೈಕ್ ಬಂದ್ವು, ಖುಷಿ ಆಯ್ತು.

ಮರುದಿನ ಮೆಸ್‌ನಲ್ಲಿ ಜೂನಿಯರ್ ಒಬ್ಬ ತಟ್ಟೆ ಹಿಡ್ಕೊಂಡು ಬಂದು ಪಕ್ಕದಲ್ಲಿ ಕೂತ. "ಅಣ್ಣಾ, ಮಲೆಗಳಲ್ಲಿ ಮದುಮಗಳು ಓದಿದ್ದೀರಲ್ಲ. ನಾನೂ ತಗೊಂಡಿದೀನಿ. ಶುರುವಲ್ಲಿ ಪಾತ್ರಗಳೇ ಗೊತ್ತಾಗ್ತಿಲ್ಲ, ಎಷ್ಟು ಪುಟ ಆದ್ಮೇಲೆ ಹಿಡಿತ ಸಿಗುತ್ತೆ?"

ಆ ಪುಸ್ತಕವನ್ನು ನಾನು ಮೂರು ಸಲ ಲೈಬ್ರರಿಯಿಂದ ತಂದಿದ್ದೆ. ಮೂರು ಸಲವೂ ಅರವತ್ತನೇ ಪುಟ ದಾಟಿರಲಿಲ್ಲ. ಲಾಗ್‌ನಲ್ಲಿ ಮಾತ್ರ ಅದು ಮೂರು ಸಲ "ಓದಿದ್ದು" ಅಂತ ಇತ್ತು. ನಾನು "ಸ್ವಲ್ಪ ನಿಧಾನ, ಆಮೇಲೆ ಚೆನ್ನಾಗಿದೆ" ಅಂತ ಏನೋ ಹೇಳಿ ಎದ್ದು ಬಂದೆ. ಅನ್ನ ಸೇರಲಿಲ್ಲ.

ರೂಮಿಗೆ ಬಂದು ಲಾಗ್ ತೆರೆದು ನೋಡಿದೆ. ಸ್ಕ್ರಿಪ್ಟ್ ಸುಳ್ಳು ಹೇಳಿರಲಿಲ್ಲ. ಲೈಬ್ರರಿಯ ಪುಟದಲ್ಲಿ ಇದ್ದದ್ದು "ಪಡೆದ ದಿನ", "ಮರಳಿಸಿದ ದಿನ". ಅದನ್ನು ಅಚ್ಚುಕಟ್ಟಾಗಿ ತಂದಿತ್ತು. ಮರಳಿಸಿದ ದಿನದ ಕಾಲಂಗೆ "ಓದಿ ಮುಗಿಸಿದ ದಿನ" ಅಂತ ಹೆಸರಿಟ್ಟವನು ನಾನು. ಬಗ್ ಇದ್ದದ್ದು ಆ ಒಂದು ಹೆಸರಿನಲ್ಲಿ. ಇನ್ನೊಂದು ಕಡೆ ಊರಿನ ಬಸ್ಸಲ್ಲಿ ಮುಗಿಸಿದ್ದು, ಚಿಕ್ಕಮ್ಮನ ಮನೆಯಲ್ಲಿ ಸಿಕ್ಕಿ ಒಂದೇ ರಾತ್ರಿಗೆ ಓದಿದ್ದು, ರೂಮ್‌ಮೇಟ್ ಕೊಟ್ಟಿದ್ದು, ಯಾವುದೂ ಪಟ್ಟಿಯಲ್ಲಿ ಇರಲಿಲ್ಲ. ಅವು ಲೈಬ್ರರಿಯ ಕೌಂಟರ್ ದಾಟಿ ಬಂದವಲ್ಲವಲ್ಲ.

ಪ್ರಾಜೆಕ್ಟ್‌ಗಳಲ್ಲೂ ನಾವು ಇದನ್ನೇ ಮಾಡ್ತೀವಿ. ಅಳೆಯೋಕೆ ಸುಲಭವಾಗಿ ಸಿಗೋದನ್ನು ಅಳೆದು, ಅದಕ್ಕೆ ನಮಗೆ ಬೇಕಾದ್ದರ ಹೆಸರಿಡ್ತೀವಿ. ಹಾಜರಾತಿ ಅಳೆದು ಕಲಿಕೆ ಅಂತೀವಿ, ಲಾಗಿನ್ ಎಣಿಸಿ ಬಳಕೆ ಅಂತೀವಿ.

ಅವತ್ತೇ ರಾತ್ರಿ ಕೂತು ಸ್ಕ್ರಿಪ್ಟ್ ಬದಲಿಸಿದೆ. ಪಡೆದ ದಿನ, ಮರಳಿಸಿದ ದಿನ, ಲೇಖಕರು, ಪುಟ, ಪ್ರಕಾಶಕರು, ಇವನ್ನು ಅದೇ ತುಂಬುತ್ತೆ. "ಏನಾಯ್ತು" ಅನ್ನೋ ಕಾಲಂ ಮಾತ್ರ ಖಾಲಿ ಬಿಡುತ್ತೆ. ಭಾನುವಾರ ರಾತ್ರಿ 9ಕ್ಕೆ ಹೊಸ ಸಾಲುಗಳನ್ನು ಒಂದೊಂದಾಗಿ ತೋರಿಸಿ ಕೇಳುತ್ತೆ: ಮುಗೀತಾ, ಅರ್ಧಕ್ಕೆ ನಿಂತಿತಾ, ಮುಟ್ಟಲೇ ಇಲ್ವಾ? ಆಮೇಲೆ ಒಂದು ಸಾಲು: ಏನು ನೆನಪಿದೆ? ಬರೀದಿದ್ದರೆ ಆ ಸಾಲು ಮುಂದಿನ ವಾರ ಮತ್ತೆ ಬರುತ್ತೆ. ಲೈಬ್ರರಿಯಿಂದ ಬರದ ಪುಸ್ತಕವನ್ನು ಕೈಯಲ್ಲೇ ಸೇರಿಸೋಕೂ ಜಾಗ ಇದೆ. ಒಟ್ಟು ಐದು ನಿಮಿಷದ ಕೆಲಸ.

ಎರಡೆರಡು ಸಲ ಬಂದದ್ದನ್ನು ತೆಗೆದ ಮೇಲೆ 41 ಇದ್ದದ್ದು 34 ಆಯ್ತು. ಅದರಲ್ಲಿ ಮುಗಿಸಿದ್ದು 19, ಅರ್ಧಕ್ಕೆ ನಿಂತದ್ದು 9, ಮುಟ್ಟದೇ ವಾಪಸ್ ಕೊಟ್ಟಿದ್ದು 6. ಹೊರಗಿನಿಂದ ಓದಿದ 11 ಪುಸ್ತಕ ನೆನಪಿಸಿಕೊಂಡು ಸೇರಿಸಿದೆ. ಈಗ 30. ಸ್ಟೇಟಸ್‌ಗೆ ಹಾಕಿಲ್ಲ. ಆದರೆ ಯಾರಾದ್ರೂ ಬಂದು ಆ ಮೂವತ್ತರಲ್ಲಿ ಒಂದರ ಬಗ್ಗೆ ಕೇಳಿದ್ರೆ ಎದ್ದು ಹೋಗಬೇಕಾಗಿಲ್ಲ. ನಿಜ ಹೇಳಬೇಕಂದ್ರೆ ನನಗೆ ಈಗ ಹೆಚ್ಚು ಉಪಯೋಗಕ್ಕೆ ಬರ್ತಿರೋದು ಆ ಒಂಬತ್ತರ ಪಟ್ಟಿ. ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ ಅಂತ ಬರೆದಿದ್ದರಿಂದ ವಾಪಸ್ ಹೋಗೋಕೆ ದಾರಿ ಗೊತ್ತು.

ಆ ಜೂನಿಯರ್‌ಗೆ ಮಾರನೇ ವಾರ ನಿಜ ಹೇಳಿದೆ. ಅವನು ನಕ್ಕು "ಹಾಗಾದ್ರೆ ಜೊತೆಗೇ ಓದೋಣ ಬನ್ನಿ ಅಣ್ಣಾ" ಅಂದ. ಈಗ ನಾನು 212ನೇ ಪುಟದಲ್ಲಿದ್ದೀನಿ, ಅವನು ನನ್ನನ್ನು ದಾಟಿ ಮುಂದೆ ಹೋಗಿದ್ದಾನೆ. ಲಾಗ್‌ನಲ್ಲಿ ಅದು ಇನ್ನೂ "ಅರ್ಧ" ಅಂತಲೇ ಇದೆ.

ಸ್ಕ್ರಿಪ್ಟ್ ಬೇಕಾದವರು ಸಂಘದ ಕೋಣೆಗೆ ಲ್ಯಾಪ್‌ಟಾಪ್ ತಗೊಂಡು ಬನ್ನಿ, ಜೊತೆಗೆ ಕೂತು ನಿಮ್ಮದಕ್ಕೆ ಹೊಂದಿಸೋಣ. ಬರುವ ಮುಂಚೆ ಲೈಬ್ರರಿಗೆ ಹೋಗಿ ಒಂದು ಮಾತು ಕೇಳಿಕೊಂಡು ಬನ್ನಿ, ಅಷ್ಟೇ.